ಹಳೇ ಮನೆ ರಿಪೇರಿಗೆ ಎಷ್ಟಾಗುತ್ತೆ: ಚದರಡಿ ಲೆಕ್ಕವೋ, ಐಟಂ ರೇಟೋ, ಬರೀ ಕೂಲಿಯೋ?

ಮೈಸೂರಿನ ಚಾಮುಂಡಿಪುರಂ ಕಡೆ ಒಂದು ಹಳೇ ಮನೆ ಕೊಂಡೆವು. ನಮ್ಮ ಮೊದಲ ಸ್ವಂತ ಮನೆ. 30×40 ಸೈಟು, ಕಟ್ಟಿರುವುದು ಎಂಟೂವರೆ ಚದರ, ಅಂದರೆ 850 ಚದರಡಿ. ಹಾಲ್ ಮತ್ತು ಎರಡು ರೂಮಿಗೆ ಮದ್ರಾಸ್ ತಾರಸಿ, ಅಡುಗೆಮನೆಗೆ ಮಂಗಳೂರು ಹೆಂಚು, ಹಿಂದೆ ಬಚ್ಚಲಿಗೆ ಸಿಮೆಂಟ್ ಶೀಟು. ಆರು ವರ್ಷ ಬೀಗ ಹಾಕಿಯೇ ಇತ್ತು. ಬಾಗಿಲು ತೆಗೆದಾಗ ಮೊದಲು ಬಂದಿದ್ದು ಬಾವಲಿ ವಾಸನೆ.

ರಿಪೇರಿಗೆ ಎಷ್ಟಾಗುತ್ತೆ ಅಂತ ಮೂವರನ್ನು ಕರೆಸಿ ಕೇಳಿದೆವು.

ಮೊದಲು ಬಂದ ಕಂಟ್ರಾಕ್ಟರ್ ಹತ್ತು ನಿಮಿಷ ಓಡಾಡಿ, "ಚದರಡಿಗೆ 1,300, ಸಾಮಾನು ಸೇರಿ. 11 ಲಕ್ಷದ 5 ಸಾವಿರ ಆಗುತ್ತೆ ಮೇಡಂ, ಆ ಐದು ಬಿಟ್ಟಾಕಿ" ಅಂದರು. ಎರಡನೆಯವರು ಎಂಜಿನಿಯರ್. ಟೇಪು ಹಿಡಿದು ಎರಡು ಗಂಟೆ ಅಳೆದರು. ವಾರ ಬಿಟ್ಟು ನಾಲ್ಕು ಹಾಳೆಯ ಎಸ್ಟಿಮೇಟ್ ಕಳಿಸಿದರು. 9,40,000, ಕೆಳಗೆ ಕೊನೇ ಸಾಲಿನಲ್ಲಿ 'ಕಾಣದ ಕೆಲಸಕ್ಕೆ 1,50,000'. ಎರಡೂ ಸೇರಿ 10,90,000. ಮೂರನೆಯವರು ಪಕ್ಕದ ಬೀದಿಯ ಮೇಸ್ತ್ರಿ. "ಕೂಲಿ 3,40,000. ಸಾಮಾನು ನೀವೇ ತಂದುಕೊಡಿ, ಅಕ್ಕಾ."

ಮೊದಲ ಎರಡಕ್ಕೂ ಇರುವ ವ್ಯತ್ಯಾಸ ಬರೀ ಹತ್ತು ಸಾವಿರ. ನಮ್ಮ ಮನೆಯವರು "ಎರಡೂ ಒಂದೇ ಅಲ್ವಾ, ಹನ್ನೊಂದಕ್ಕೆ ಒಪ್ಪಿಕೊಂಡು ಕೈ ತೊಳೆದುಕೊಳ್ಳೋಣ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಕೂತು ಲೆಕ್ಕ ಬಿಡಿಸಿದಾಗ, ಎರಡೂ ಒಂದೇ ಮೊತ್ತವಾಗಿದ್ದು ಕಾಕತಾಳೀಯ ಅಂತ ಗೊತ್ತಾಯಿತು. ಇಲ್ಲಿ ಹೇಳುವ ರೇಟುಗಳು ನಮಗೆ ನಮ್ಮೂರಲ್ಲಿ ಸಿಕ್ಕಿದ್ದು. ನಿಮ್ಮೂರಲ್ಲಿ ಬೇರೆ ಇರುತ್ತವೆ. ಅಳತೆಯ ಲೆಕ್ಕ ಮಾತ್ರ ಎಲ್ಲ ಊರಿಗೂ ಒಂದೇ.

ಚದರಡಿ ಲೆಕ್ಕ

ಹೊಸ ಮನೆ ಕಟ್ಟುವಾಗ ಚದರಡಿ ಲೆಕ್ಕ ಸುಮಾರಾಗಿ ಸರಿಹೋಗುತ್ತದೆ. ಪಾಯದಿಂದ ಪೇಂಟಿನವರೆಗೆ ಎಲ್ಲ ಕೆಲಸವೂ ಇಡೀ ಮನೆಗೆ ಆಗುತ್ತದೆ. ಹಳೇ ಮನೆಯಲ್ಲಿ ಹಾಗಿಲ್ಲ. ಒಂದು ರೂಮಿಗೆ ಬಣ್ಣ ಸಾಕು, ಪಕ್ಕದ ರೂಮಿಗೆ ಸೂರೇ ಬೇಕು.

ನಮ್ಮ ಬಚ್ಚಲು ನೋಡಿ. 5×7 ಅಡಿ, ಅಂದರೆ ನೆಲ 35 ಚದರಡಿ. 1,300ರ ಲೆಕ್ಕದಲ್ಲಿ ಅದಕ್ಕೆ ಸಿಗುವುದು 45,500 ರೂಪಾಯಿ. ಈಗ ಗೋಡೆಗೆ ಏಳು ಅಡಿ ಎತ್ತರಕ್ಕೆ ಟೈಲ್ಸ್ ಹಾಕಬೇಕು ಅಂದುಕೊಳ್ಳಿ. ನಾಲ್ಕು ಗೋಡೆ 168 ಚದರಡಿ, ಬಾಗಿಲು ಕಳೆದರೆ 150. ನೆಲ ಸೇರಿಸಿದರೆ 185 ಚದರಡಿ ಟೈಲ್ಸು, 35 ಅಡಿಯ ಬಚ್ಚಲಿಗೆ! ಅದರ ಮೇಲೆ ಹೊಸ ಪೈಪು, ವಾಟರ್‌ಪ್ರೂಫಿಂಗ್, ಕಮೋಡು, ನಲ್ಲಿ, ಗೀಸರ್ ಪಾಯಿಂಟು, ಹೊಸ ಸೂರು. 45 ಸಾವಿರದಲ್ಲಿ ಮುಗಿಯುವ ಮಾತೇ ಇಲ್ಲ.

ಅದೇ ಹಾಲ್ 12×16. ಅಂದರೆ 192 ಚದರಡಿ, 1,300ರಂತೆ 2,49,600. ಸೂರು ಚೆನ್ನಾಗಿದ್ದರೆ ಆ ಹಾಲಿಗೆ ಬೇಕಾಗಿದ್ದು ಒಂದಿಷ್ಟು ಗಾರೆ, ವೈರಿಂಗ್, ಪೇಂಟ್. ಅಂದರೆ ಹಾಲಿನಲ್ಲಿ ನಾವು ಜಾಸ್ತಿ ಕೊಟ್ಟು, ಬಚ್ಚಲಿನಲ್ಲಿ ಅವರು ಕಮ್ಮಿ ಪಡೆದು, ಒಟ್ಟಿನಲ್ಲಿ ಸರಿದೂಗಲಿ ಅನ್ನುವ ಆಟ ಇದು. ಸರಿದೂಗದಿದ್ದರೆ ಕೆಲಸದ ಮಧ್ಯೆ 'ಎಕ್ಸ್‌ಟ್ರಾ' ಅನ್ನುವ ಚೀಟಿ ಬರುತ್ತದೆ. ಹಾಲಿನಲ್ಲಿ ಉಳಿದಿದ್ದಕ್ಕೆ ವಾಪಸ್ ಚೀಟಿ ಬಂದಿದ್ದನ್ನು ನಾನಂತೂ ಕಂಡಿಲ್ಲ.

ಹಾಗಂತ ಇದು ಕೆಲಸಕ್ಕೆ ಬಾರದ್ದು ಅಂತಲ್ಲ. ನಾಲ್ಕಾರು ಮನೆ ನೋಡುತ್ತಾ ಯಾವುದನ್ನು ಕೊಳ್ಳೋಣ ಅಂತ ಯೋಚಿಸುವಾಗ ಇದೇ ಬೇಕು. ಅಲ್ಲಿ ನಿಖರತೆ ಬೇಡ, ಅಂದಾಜು ಸಾಕು. ಇನ್ನೊಂದು, ಊರಲ್ಲಿ ಅಪ್ಪನ ಮನೆ ಸರಿ ಮಾಡಿಸಬೇಕು ಆದರೆ ನೀವಿರುವುದು ಪುಣೆಯಲ್ಲೋ ದುಬೈಯಲ್ಲೋ ಅಂದರೆ, ಸಾಮಾನು ಸೇರಿದ ಒಟ್ಟು ಗುತ್ತಿಗೆಯೇ ವಾಸಿ. ಜಾಸ್ತಿ ಕೊಟ್ಟ ದುಡ್ಡು ನಿಮ್ಮ ಗೈರುಹಾಜರಿಯ ಬೆಲೆ ಅಂದುಕೊಳ್ಳಬೇಕು. ಆದರೆ ಏನು ಸೇರಿದೆ ಅಂತ ಕೇಳುವ ಬದಲು ಏನು ಸೇರಿಲ್ಲ ಅಂತ ಬರೆಸಿಕೊಳ್ಳಿ. ನಮ್ಮ ಕಂಟ್ರಾಕ್ಟರನ್ನು ಹಾಗೆ ಕೇಳಿದಾಗ ಬಂದ ಉತ್ತರ: ಮರದ ಕೆಲಸ ಇಲ್ಲ, ಸಂಪು ಇಲ್ಲ, ಕಾಂಪೌಂಡ್ ಇಲ್ಲ, ಫ್ಯಾನು ಲೈಟು ಇಲ್ಲ, ಜಿಎಸ್‌ಟಿ ಬೇರೆ. ಒಪ್ಪಂದದ ಕೆಲಸಕ್ಕೆ ಜಿಎಸ್‌ಟಿ 18 ಪರ್ಸೆಂಟ್. 11 ಲಕ್ಷಕ್ಕೆ ಅದೇ 1,98,000. "ಬಿಲ್ ಬೇಡ ಅಂದ್ರೆ ಅದೇನೂ ಇಲ್ಲ ಮೇಡಂ" ಅಂತ ನಕ್ಕರು. ಬ್ಯಾಂಕ್ ಸಾಲಕ್ಕೆ ಬಿಲ್ ಬೇಕಿತ್ತು.

ಐಟಂ ರೇಟ್

ಇದರಲ್ಲಿ ಪ್ರತಿ ಕೆಲಸಕ್ಕೂ ಅಳತೆ ಬೇರೆ, ರೇಟು ಬೇರೆ. ಹಳೇ ಗಾರೆ ಕೆರೆಯುವುದು ಇಷ್ಟು ಚದರಡಿ, ಹೊಸ ಪ್ಲಾಸ್ಟರಿಂಗ್ ಇಷ್ಟು, ವೈರಿಂಗ್ ಇಷ್ಟು ಪಾಯಿಂಟು. ಸರ್ಕಾರದ ಕೆಲಸಗಳು ನಡೆಯುವುದೇ ಹೀಗೆ. ನಮ್ಮ ಲೋಕೋಪಯೋಗಿ ಇಲಾಖೆಯ ದರಪಟ್ಟಿಗೆ ಎಂಜಿನಿಯರುಗಳು 'ಎಸ್‌ಆರ್' ಅನ್ನುತ್ತಾರೆ. ಕೇಂದ್ರ ಸರ್ಕಾರದ ಲೋಕೋಪಯೋಗಿ ಇಲಾಖೆ ಸಿಪಿಡಬ್ಲ್ಯುಡಿಯ ದರಪಟ್ಟಿಯಲ್ಲಂತೂ ರಿಪೇರಿಗೆ ಒಂದು ಅಧ್ಯಾಯ, ಕೆಡವುವುದಕ್ಕೆ ಇನ್ನೊಂದು ಅಧ್ಯಾಯವೇ ಇದೆ. ಕೆಡವುವುದಕ್ಕೂ ದುಡ್ಡಾಗುತ್ತೆ ಅನ್ನುವುದನ್ನು ನಾವು ಮರೆಯುತ್ತೇವೆ, ಅವರು ಮರೆತಿಲ್ಲ.

ಒಂದು ರೂಮಿನ ಲೆಕ್ಕ ಮಾಡಿ ತೋರಿಸುತ್ತೇನೆ. 12×10 ಅಡಿ ರೂಮು, ಹತ್ತು ಅಡಿ ಎತ್ತರ. ಗೋಡೆಗಳು 440 ಚದರಡಿ. ಕಿಟಕಿ ಬಾಗಿಲಿಗೆ 40 ಕಳೆದರೆ 400. ಅರ್ಧ ಇಂಚು ದಪ್ಪ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಮಿಶ್ರಣದ ಪ್ಲಾಸ್ಟರಿಂಗ್‌ಗೆ ಸುಮಾರು ಮೂರು ಮೂಟೆ ಸಿಮೆಂಟು, 20 ಘನ ಅಡಿ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಸಾಕು. ಇದು ಹೊಸ ಗೋಡೆಗೆ. ಹಳೇ ಗೋಡೆಯ ಗಾರೆ ಕೆರೆದರೆ ಒಳಗಿನ ಇಟ್ಟಿಗೆ ಒಂದು ಮುಂದೆ ಒಂದು ಹಿಂದೆ. ಸಮ ಮಾಡಲು ಒಂದು ಇಂಚು ಬೇಕಾಗುತ್ತದೆ. ಆಗ ಸಾಮಾನು ನೇರ ದುಪ್ಪಟ್ಟು, ಆರು ಮೂಟೆ. ಎರಡು ಕೋಟು ಹೊಡೆಯಬೇಕಾದ್ದರಿಂದ ಕೂಲಿಯೂ ಏರುತ್ತದೆ. ಹಾಗಾಗಿ ಎಸ್ಟಿಮೇಟಿನಲ್ಲಿ 'ಪ್ಲಾಸ್ಟರಿಂಗ್' ಅಂತಷ್ಟೇ ಇದ್ದರೆ ಸಾಲದು. ಎಷ್ಟು ದಪ್ಪ ಅಂತ ಕೇಳಿ.

ಪೇಂಟಿನವರು ಹೇಳುವ ಒಂದು ಅಡ್ಡದಾರಿ ಇದೆ. ನೆಲದ ಅಳತೆಗೆ ಮೂರೂವರೆ ಪಟ್ಟು ಅಂದರೆ ಗೋಡೆ, ಸೂರು ಎಲ್ಲಾ ಬಂತು ಅಂತ. ಮೇಲಿನ ರೂಮಿಗೆ ಗೋಡೆ 400, ಸೂರು 120, ಒಟ್ಟು 520. ನೆಲ 120. ಅಂದರೆ ನಾಲ್ಕು ಪಟ್ಟಿಗೂ ಜಾಸ್ತಿ. ಹಳೇ ಮನೆಗಳ ಸೂರು ಎತ್ತರ, ಅದಕ್ಕೆ. ಟೇಪು ಹಿಡಿದು ಅಳೆಯುವುದೇ ಸರಿ. ಅಳೆಯುವಾಗ ಕಿಟಕಿ ಬಾಗಿಲು ಕಳೆಯುತ್ತಾರೋ ಇಲ್ಲವೋ ಅನ್ನುವುದೂ ಮೊದಲೇ ಮಾತಾಗಬೇಕು. ವೈರಿಂಗ್‌ನಲ್ಲೂ ಇದೇ ಕಥೆ. ಒಂದು ಸ್ವಿಚ್ಚಿಗೆ ಒಂದು ಲೈಟು ಅಂದರೆ ಒಂದು ಪಾಯಿಂಟು. ಅದೇ ಬೋರ್ಡಿನ ಪ್ಲಗ್ಗು ಪೂರ್ತಿ ಪಾಯಿಂಟೋ, ಅರ್ಧವೋ? ಐವತ್ತು ಅರವತ್ತು ಪಾಯಿಂಟಿನ ಮನೆಯಲ್ಲಿ ಈ ಒಂದು ಪ್ರಶ್ನೆಯ ಮೇಲೆ ಸಾವಿರಗಟ್ಟಲೆ ನಿಂತಿರುತ್ತದೆ.

ಐಟಂ ರೇಟಿನ ದೊಡ್ಡ ಲಾಭ ಅಂದರೆ, ಕೆಲಸ ಹೆಚ್ಚಾದರೂ ರೇಟು ಕೈ ಮೀರುವುದಿಲ್ಲ. ಜಗಳ ಬಂದರೆ ಟೇಪು ಹಿಡಿದು ತೀರಿಸಬಹುದು. ಕೆಲಸ ಕಮ್ಮಿಯಾದರೆ ದುಡ್ಡೂ ಕಮ್ಮಿ. ದೋಷವೆಂದರೆ, ಮೊದಲ ದಿನ ಹಾಕಿದ ಅಳತೆಗಳಲ್ಲಿ ಅರ್ಧ ಊಹೆ. ಗೋಡೆಯೊಳಗೆ ಏನಿದೆ ಅಂತ ಎಂಜಿನಿಯರಿಗೂ ಕಾಣುವುದಿಲ್ಲ. ಅದಕ್ಕೇ ಆ ಕೊನೇ ಸಾಲಿನ 1,50,000.

ಬರೀ ಕೂಲಿ

ಮೇಸ್ತ್ರಿಯ 3,40,000 ನೋಡಿ ಎಲ್ಲರ ಕಣ್ಣೂ ಅಲ್ಲೇ ಹೋಗುತ್ತದೆ. ಸಾಮಾನು ನಾವೇ ತಂದರೆ ಕಮಿಷನ್ ಉಳಿಯಿತು ಅಂತ. ಉಳಿಯುವುದು ನಿಜ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತಲ್ಲ, ನಾವೇ ಅಂಗಡಿಗೆ ಹೋಗಿ ಕೊಂಡಾಗ ಅಂಥ ಇಳಿಕೆ ನೇರವಾಗಿ ನಮ್ಮ ಬಿಲ್ಲಿನಲ್ಲೇ ಕಾಣುತ್ತದೆ.

ಆದರೆ ಈ ಲೆಕ್ಕದಲ್ಲಿ ನಿಮ್ಮ ಸಮಯಕ್ಕೆ ಕಾಲಂ ಇಲ್ಲ. ಬೆಳಗ್ಗೆ ಒಂಬತ್ತಕ್ಕೆ ಮೇಸ್ತ್ರಿ ಫೋನ್ ಮಾಡುತ್ತಾರೆ, "ಅಕ್ಕಾ, ಎಲ್ಬೋ ನಾಲ್ಕು ಸಾಲ್ದು." ಆ ನಾಲ್ಕು ಎಲ್ಬೋ ಬರುವವರೆಗೆ ಪ್ಲಂಬರ್ ಕೂತಿರುತ್ತಾನೆ. ಮರಳು ಇಳಿಸುವ ಕೂಲಿ, ಆಟೋ ಬಾಡಿಗೆ, ಮಿಕ್ಕಿ ಗಟ್ಟಿಯಾದ ಸಿಮೆಂಟು, ಶನಿವಾರದ ಬಟವಾಡೆಗೆ ಚಿಲ್ಲರೆ ಹೊಂದಿಸುವ ಗಡಿಬಿಡಿ. ಟೈಲ್ಸ್ ಒಡೆದರೆ ಯಾರ ತಲೆಗೆ? ನಿಮ್ಮ ತಲೆಗೆ. ಮನೆ ಹತ್ತಿರವೇ ಇರುವ, ರಿಟೈರ್ ಆದ ಮಾವನವರಂಥ ಒಬ್ಬರು ದಿನವಿಡೀ ಸ್ಟೂಲ್ ಹಾಕಿಕೊಂಡು ಕೂರುವಂತಿದ್ದರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಬೇಡ.

ಇದರಲ್ಲೇ ಒಂದು ಕವಲು ದಿನಗೂಲಿ. ದಿನಕ್ಕಿಷ್ಟು ಅಂತ ಕೊಟ್ಟರೆ ಕೆಲಸ ಎಳೆಯುತ್ತದೆ ಅನ್ನುವುದು ಎಲ್ಲರೂ ಹೇಳುವ ಮಾತು. ನಿಜವೂ ಹೌದು. ಆದರೂ ನಮಗೆ ಅತಿ ಹೆಚ್ಚು ಲಾಭ ತಂದ ದುಡ್ಡು ದಿನಗೂಲಿಯದ್ದೇ.

ಬಿಚ್ಚಿ ನೋಡಿದ್ದು

ಎಂಜಿನಿಯರ್ ಒಂದು ಮಾತು ಹೇಳಿದ್ದರು: "ಯಾರಿಗೂ ಗುತ್ತಿಗೆ ಕೊಡಬೇಡಿ. ಮೊದಲು ನಾಲ್ಕು ದಿನ ಬಿಚ್ಚಿಸಿ." ಮೇಸ್ತ್ರಿಗೆ ದಿನಕ್ಕೆ 1,100, ಮೂವರು ಹೆಲ್ಪರ್‌ಗಳಿಗೆ ತಲಾ 800. ದಿನಕ್ಕೆ 3,500, ನಾಲ್ಕು ದಿನಕ್ಕೆ 14,000. ಮಣ್ಣು ಸಾಗಿಸಲು ಮೂರು ಟ್ರ್ಯಾಕ್ಟರ್ ಲೋಡಿಗೆ 6,600. ಒಟ್ಟು 20,600.

ಮೇಸ್ತ್ರಿ ಸುತ್ತಿಗೆ ತಿರುಗಿಸಿ ಹಿಡಿದು ಅದರ ಹಿಡಿಯಿಂದ ಗೋಡೆ ಬಡಿಯುತ್ತಾ ಹೋದರು. ಟಣ್ ಅಂದರೆ ಗಾರೆ ಗೋಡೆಗೆ ಹಿಡಿದುಕೊಂಡಿದೆ. ಡಬ್ ಅಂದರೆ ಒಳಗೆ ಟೊಳ್ಳು. ಡಬ್ ಅಂದ ಕಡೆ ಸೀಮೆಸುಣ್ಣದಲ್ಲಿ ಗುಂಡು ಹಾಕಿದರು. ನಾವು ಇಡೀ ಮನೆಯ ಗಾರೆ ಹೋಗಿದೆ ಅಂದುಕೊಂಡಿದ್ದೆವು. ಒಳಗೋಡೆಗಳಲ್ಲಿ ಗುಂಡು ಬಿದ್ದಿದ್ದು ಅರ್ಧಕ್ಕೆ ಮಾತ್ರ. ಉಳಿದದ್ದು ಹಳೇ ಸುಣ್ಣದ ಗಾರೆ, ಉಗುರು ಹಾಕಿದರೂ ಬರಲಿಲ್ಲ.

ಆಮೇಲೆ ಹಾಲಿನ ಸೂರು. ಮದ್ರಾಸ್ ತಾರಸಿ ಅಂದರೆ ಸಾಲಾಗಿ ಮರದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಾರೆ. ನಮ್ಮ ಹಾಲಿಗೆ ಹನ್ನೊಂದು ಜಂತೆ. ಕೆಳಗಿನಿಂದ ಎಲ್ಲಕ್ಕೂ ಹಸಿರು ಪೇಂಟ್ ಬಳಿದು ಥಳಥಳ ಅನ್ನುತ್ತಿದ್ದವು. ಮೇಸ್ತ್ರಿ ಏಣಿ ಹತ್ತಿ, ಜಂತೆ ಗೋಡೆಯೊಳಕ್ಕೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರು. ಮೊದಲ ಮೂರರಲ್ಲಿ ಮೊನೆಯೂ ಇಳಿಯಲಿಲ್ಲ. ನಾಲ್ಕನೆಯದರಲ್ಲಿ ಹಿಡಿಯವರೆಗೆ ಹೋಯಿತು, ರವೆ ಉಂಡೆಗೆ ಕಡ್ಡಿ ಚುಚ್ಚಿದ ಹಾಗೆ. ಒಳಗೆಲ್ಲಾ ಗೆದ್ದಲು ತಿಂದ ಪುಡಿ. ಹೊರಗಿನ ಪೇಂಟಿನ ಪದರವೇ ಜಂತೆಯ ಆಕಾರ ಹಿಡಿದು ನಿಂತಿತ್ತು. ಇಂಥವು ನಾಲ್ಕು ಸಿಕ್ಕವು.

ಬಚ್ಚಲಿನ ನೆಲ ಅಗೆದರೆ ಹಳೇ ಕಾಲದ ಜೇಡಿಮಣ್ಣಿನ ಪೈಪು. ಜಾಯಿಂಟಿನಲ್ಲಿ ಪಕ್ಕದ ಮನೆಯ ಸೀಬೆ ಮರದ ಬೇರು ನುಗ್ಗಿತ್ತು. ಅಡುಗೆಮನೆಯ ಹೆಂಚಿನ ಸೂರು ಮಾತ್ರ ನಮ್ಮ ಪುಣ್ಯಕ್ಕೆ ಗಟ್ಟಿ. ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಬದಲಾಯಿಸಿ ಇನ್ನೂರು ಹೆಂಚು ಹೊಸದು ಹಾಕಿದರೆ ಮುಗಿಯಿತು.

ಈಗ ಎಂಜಿನಿಯರ್ ಮತ್ತೆ ಅಳೆದರು. ಪ್ಲಾಸ್ಟರಿಂಗ್ ಇಳಿಯಿತು. ಹಾಲಿನ ಸೂರು, ಹೊರಗಿನ ಪೈಪ್‌ಲೈನ್ ಏರಿತು. ಹೊಸ ಮೊತ್ತ 11,30,000. ಮೊದಲಿಗಿಂತ ಜಾಸ್ತಿ, ಆದರೆ ಈ ಸಲ ಕೆಳಗಿನ 'ಕಾಣದ ಕೆಲಸ' 1,50,000ದಿಂದ 50,000ಕ್ಕೆ ಇಳಿದಿತ್ತು.

ಸೂರು: ಉಳಿಸುವುದೋ, ಮೋಲ್ಡ್ ಹಾಕುವುದೋ, ಪೂರ್ತಿ ಕೆಡವುವುದೋ

ಹಾಲಿಗೆ ಹೊಸ ಮೋಲ್ಡ್, ಅಂದರೆ ಕಂಬಿ ಕಟ್ಟಿದ ಕಾಂಕ್ರೀಟ್ ಸೂರು, ಹಾಕಿಸಿ ಅಂದವರೇ ಜಾಸ್ತಿ. 192 ಚದರಡಿಗೆ ಐದು ಇಂಚಿನ ಮೋಲ್ಡ್ ಅಂದರೆ 80 ಘನ ಅಡಿ ಕಾಂಕ್ರೀಟ್. ಮನೆ ಸೂರಿಗೆ ಹಾಕುವ ಎಂ20 ದರ್ಜೆಯ ಕಾಂಕ್ರೀಟಿಗೆ ಸುಮಾರು 18 ಮೂಟೆ ಸಿಮೆಂಟು, 180 ಕೆಜಿ ಆಸುಪಾಸು ಕಂಬಿ. ಕೇಳಲು ದೊಡ್ಡದೇನಲ್ಲ. ಆದರೆ ಹಳೇ ಸೂರು ಇಳಿಸುವುದು, ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಕೊಡುವ ಹಲಗೆ, ಆಸರೆ), ಮಣ್ಣುಗಾರೆಯ ಗೋಡೆಗಳ ಮೇಲೆ ಸುತ್ತಲೂ ಬೆಡ್ ಕಾಂಕ್ರೀಟ್ (ಸೂರು ಕೂರುವ ಕಾಂಕ್ರೀಟ್ ಪಟ್ಟಿ), ಆಮೇಲೆ ನೀರು ಹೊಡೆಯುವ ದಿನಗಳು ಸೇರಿದರೆ ಖರ್ಚು ಬೇರೆಯೇ. ಪಕ್ಕದ ರೂಮಿನ ಹಳೇ ತಾರಸಿಗೂ ಹೊಸ ಮೋಲ್ಡಿಗೂ ಕೂಡುವ ಕಡೆ ಬಿರುಕು ಬಿಟ್ಟು ನೀರು ಇಳಿಯುವ ಕಾಟ ಬೇರೆ. ಹನ್ನೊಂದರಲ್ಲಿ ಏಳು ಜಂತೆ ಗಟ್ಟಿ ಇದ್ದಾಗ ನನಗದು ದಂಡದ ಕೆಲಸ ಅನ್ನಿಸಿತು. ನಾಲ್ಕು ಜಂತೆಯ ಜಾಗಕ್ಕೆ ಕಬ್ಬಿಣದ ಐ ಸೆಕ್ಷನ್ (ಇಂಗ್ಲಿಷಿನ I ಆಕಾರದ ತೊಲೆ) ಕೊಟ್ಟೆವು. ಮೇಲೆ ಹೊಸದಾಗಿ ವಾಟರ್‌ಪ್ರೂಫಿಂಗ್. ಲೆಕ್ಕ ತಿರುಗುಮುರುಗಾಗಿ ಏಳು ಹಾಳಾಗಿ ನಾಲ್ಕು ಉಳಿದಿದ್ದರೆ ನಾನೂ ಮೋಲ್ಡ್ ಅನ್ನುತ್ತಿದ್ದೆ. ಮೇಲೊಂದು ಮಹಡಿ ಎತ್ತುವ ಆಸೆ ಇದ್ದರೆ ಈ ಹೋಲಿಕೆಯೇ ಬೇಡ. ಆಗ ಮೊದಲು ನೋಡಬೇಕಾದ್ದು ಪಾಯ.

ಪೂರ್ತಿ ಕೆಡವಿ ಕಟ್ಟುವ ಯೋಚನೆ ಬಂದರೆ ಚದರಡಿ ರೇಟಿನ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಿ. ಹೊಸ ಕಟ್ಟಡಕ್ಕೆ ಹೊಸ ನಕ್ಷೆ ಮಂಜೂರಾಗಬೇಕು, ಸುತ್ತ ಜಾಗ ಬಿಡಬೇಕು. ಹಳೇ ಮನೆಯ ಗೋಡೆ ಗಡಿಗೇ ಅಂಟಿಕೊಂಡಿದ್ದರೆ ಆ ಒಳಜಾಗ ಮತ್ತೆ ಸಿಗುವುದಿಲ್ಲ.

ನೆಲದ ವಿಷಯ ಚಿಕ್ಕದು. ರೆಡ್ ಆಕ್ಸೈಡ್ ನೆಲದ ಮೇಲೇ ಟೈಲ್ಸ್ ಹಾಕಿದರೆ ಅಗೆಯುವ ಖರ್ಚು ಉಳಿಯುತ್ತೆ ಅನ್ನುತ್ತಾರೆ. ಆದರೆ ನೆಲ ಒಂದೂವರೆ ಇಂಚು ಏರುತ್ತದೆ. ಎಲ್ಲ ಬಾಗಿಲಿನ ಬುಡ ಕೊಯ್ಯಬೇಕು, ಹೊಸ್ತಿಲು ಹೂತುಹೋಗುತ್ತದೆ. ನಾವು ಎರಡು ರೂಮಿನ ಕೆಂಪು ನೆಲವನ್ನು ಪಾಲಿಶ್ ಮಾಡಿಸಿ ಹಾಗೇ ಉಳಿಸಿಕೊಂಡೆವು. ಬಿರುಕು ಕಾಣುತ್ತದೆ. ಕಾಣಲಿ.

ವೈರಿಂಗ್ ಮತ್ತು ನೀರಿನ ಪೈಪಿನಲ್ಲಿ ಹೋಲಿಕೆ ಮಾಡುತ್ತಾ ಕೂರಬೇಡಿ. ಮರದ ಪಟ್ಟಿಯೊಳಗಿನ ಹಳೇ ವೈರು, ತುಕ್ಕು ಹಿಡಿದ ಜಿಐ ಪೈಪು, ಎರಡೂ ಪೂರ್ತಿ ಹೋಗಲಿ. ಅರ್ತಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಎಸ್ಟಿಮೇಟಿನಲ್ಲಿ ಇದೆಯಾ ಅಂತ ಮಾತ್ರ ನೋಡಿ.

ಮೂರರಲ್ಲೂ ಇಲ್ಲದ ಸಾಲುಗಳು

ಮಣ್ಣು ಸಾಗಣೆ: ಒಂದು ಇಂಚು ದಪ್ಪದ ಗಾರೆ 400 ಚದರಡಿ ಕೆರೆದರೆ 33 ಘನ ಅಡಿ. ಉದುರಿದ ಮೇಲೆ ಅದು ಉಬ್ಬಿ 50 ಆಗುತ್ತದೆ. ಅಂದರೆ ಅರ್ಧ ಟ್ರ್ಯಾಕ್ಟರ್, ಒಂದೇ ರೂಮಿಗೆ.

ಬಾಡಿಗೆ: ಕೆಲಸ ಮುಗಿಯುವವರೆಗೆ ಇಎಂಐ ಜೊತೆಗೆ ಬಾಡಿಗೆಯೂ ಹೋಗುತ್ತಿರುತ್ತದೆ. ನಮ್ಮದು ತಿಂಗಳಿಗೆ 14,000. ನಾಲ್ಕು ತಿಂಗಳು ಅಂದಿದ್ದು ಆರಾಯಿತು. ಅಗ್ಗದ ಕೊಟೇಶನ್ ಎರಡು ತಿಂಗಳು ತಡವಾದರೆ ಅದು ಅಗ್ಗ ಅಲ್ಲ.

ಕೈಯಲ್ಲಿ ಉಳಿಯುವ ದುಡ್ಡು: ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಮನೆ ಸಾಲ ಬೆಲೆಯ 90 ಪರ್ಸೆಂಟ್ ತನಕ, 30ರಿಂದ 75 ಲಕ್ಷದ ಸಾಲ 80 ಪರ್ಸೆಂಟ್ ತನಕ, ಅದರ ಮೇಲೆ 75. ಉಳಿದದ್ದು ಕೈಯಿಂದ. ಕರ್ನಾಟಕದಲ್ಲಿ ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ 1ರಿಂದ 2 ಪರ್ಸೆಂಟಿಗೆ ಏರಿದೆ. ರಿಪೇರಿಗೆ ಅಂತ ಇಟ್ಟುಕೊಂಡಿದ್ದು ಅಲ್ಲೇ ಕರಗುತ್ತದೆ. ರಿಪೇರಿಗೆ ಬೇರೆ ಸಾಲ ಕೇಳಿದರೆ ಬ್ಯಾಂಕಿನವರು ಎಂಜಿನಿಯರ್ ಎಸ್ಟಿಮೇಟ್ ಕೇಳುತ್ತಾರೆ, ಅಂದರೆ ಐಟಂ ಪಟ್ಟಿ ಹೇಗೂ ಮಾಡಿಸಲೇಬೇಕು. ಆ ಸಾಲದ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ, ಸ್ವಂತ ವಾಸದ ಮನೆಯಾದರೆ, ವರ್ಷಕ್ಕೆ 30,000 ರೂಪಾಯಿ ಮಾತ್ರ ವಿನಾಯಿತಿ. ಕೊಳ್ಳಲು ತೆಗೆದ ಸಾಲದ ಬಡ್ಡಿಗಿರುವ 2 ಲಕ್ಷದ ಮಿತಿಯೊಳಗೇ ಅದೂ ಸೇರಿದೆ.

ನಾವು ಮಾಡಿದ್ದು

ಬಿಚ್ಚುವುದಕ್ಕೆ ದಿನಗೂಲಿ. ಸೂರು, ಗಾರೆ, ಹೊರಗಿನ ಪೈಪಿಗೆ ಐಟಂ ರೇಟ್. ಬಚ್ಚಲು, ವೈರಿಂಗ್, ಪೇಂಟಿಗೆ ಬಿಡಿಬಿಡಿ ಒಟ್ಟು ಗುತ್ತಿಗೆ, ಯಾಕೆಂದರೆ ಅಷ್ಟರಲ್ಲಿ ಗೋಡೆಗಳೆಲ್ಲಾ ಕಣ್ಣಿಗೆ ಕಾಣುತ್ತಿದ್ದವು, ಊಹಿಸಲು ಏನೂ ಉಳಿದಿರಲಿಲ್ಲ. ಟೈಲ್ಸ್, ನಲ್ಲಿ, ಸ್ವಿಚ್ಚು ನಾವೇ ಕೊಂಡೆವು. ಬಿಚ್ಚಿದ 20,600 ಸೇರಿ ಒಟ್ಟು 11,74,000 ಆಯಿತು, ಬಾಡಿಗೆ ಬಿಟ್ಟು. ಮೊದಲಿನ ಕಂಟ್ರಾಕ್ಟರಿಗೆ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಅಂತ ನನಗೆ ಗೊತ್ತಿಲ್ಲ. ಗೆದ್ದಲು ಹಿಡಿದ ಜಂತೆಗಳಿಗೆ ಮತ್ತೊಂದು ಕೋಟು ಹಸಿರು ಪೇಂಟ್ ಬಳಿಯುತ್ತಿದ್ದರೋ ಏನೋ.

ದುಡ್ಡನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಟ್ಟೆವು. ಸೂರಿನ ಕೆಲಸದ ಕೊನೇ ಹತ್ತು ಪರ್ಸೆಂಟ್ ಮಾತ್ರ ಒಂದು ಮಳೆ ಬಿದ್ದ ಮೇಲೆ ಅಂತ ಮೊದಲೇ ಬರೆದುಕೊಂಡಿದ್ದೆವು. ಏಪ್ರಿಲ್ ಕೊನೆಗೆ ಒಂದು ಸಂಜೆ ಆಲಿಕಲ್ಲು ಸಮೇತ ಸುರಿಯಿತು. ಮಾರನೇ ದಿನ ಬೆಳಗ್ಗೆಯೇ ಮೇಸ್ತ್ರಿ ಟಾರ್ಚ್ ಹಿಡಿದು ಬಂದರು. ಹಾಲೆಲ್ಲಾ ಒಣಗಿತ್ತು. ಬಾಗಿಲ ಮೇಲಿನ ಮೂಲೆಯಲ್ಲಿ ಮಾತ್ರ ಅಂಗೈ ಅಗಲ ತೇವ. ಬೆರಳಿಟ್ಟು ನೋಡಿ, "ಇದೊಂದು ಸರಿ ಮಾಡ್ಬಿಟ್ಟು ಇಸ್ಕೋತೀನಿ ಬಿಡಿ ಅಕ್ಕಾ" ಅಂತ ಏಣಿ ತರಲು ಹೋದರು.